ದಾನ ಮತ್ತು ದಾತ: ಸಂತೋಷದ ಮನೋವಿಜ್ಞಾನಕ್ಕೊಂದು ದೈವಶಾಸ್ತ್ರೀಯ ವಿಮರ್ಶೆ

ಕಳೆದ ಎರಡು ದಶಕಗಳಲ್ಲಿ ನಮ್ಮ ಧ್ಯಾನಕೂಟಗಳ, ಯುವಜನ ಶಿಬಿರಗಳ ಹಾಗೂ ಗುರುಮಠಗಳ ಮಾನವೀಯ ರೂಪಣೆಯ ತರಗತಿಗಳ ಭಾಷೆಯಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. ಕೃತಜ್ಞತೆಯ ದಿನಚರಿ ಬರೆಯುವುದು, ಪ್ರತಿರಾತ್ರಿ ಮೂರು ಒಳ್ಳೆಯ ಸಂಗತಿಗಳನ್ನು ಪಟ್ಟಿಮಾಡುವುದು, ಪ್ರಶ್ನಾವಳಿಯೊಂದನ್ನು ತುಂಬಿ ತನ್ನ ವಿಶಿಷ್ಟ ಸಾಮರ್ಥ್ಯಗಳನ್ನು ಗುರುತಿಸಿಕೊಳ್ಳುವುದು – ಇವೆಲ್ಲ ನಮ್ಮ ಕಾರ್ಯಕ್ರಮಗಳಲ್ಲಿ ಸಹಜವೆಂಬಂತೆ ಸೇರಿಕೊಂಡಿವೆ. ಭಾನುವಾರದ ಪ್ರಬೋಧನೆಯಲ್ಲಿಯೂ ಆಗಾಗ ಕೇಳಿಬರುತ್ತವೆ. ಈಗ ಇವು ಬಳಕೆಗೆ ಬಂದಿರುವ ರೂಪದ ಮೂಲವಿರುವುದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಸಕಾರಾತ್ಮಕ ಮನೋವಿಜ್ಞಾನದಲ್ಲಿ. ಸಂತೋಷವನ್ನು ಅಳೆಯುವುದು, ಅದನ್ನು ಹೆಚ್ಚಿಸುವ ಅಭ್ಯಾಸಗಳನ್ನು ರೂಪಿಸುವುದು, ಆ ಅಭ್ಯಾಸಗಳನ್ನು ಪ್ರಯೋಗಕ್ಕೊಡ್ಡುವುದು ಈ ಶಾಖೆಯ ಕೆಲಸ.

ಈ ಎರವಲನ್ನು ಕುರಿತು ನಮ್ಮಲ್ಲಿ ಎರಡು ಸುಲಭ ಅಭಿಪ್ರಾಯಗಳಿವೆ. ಶುಭಸಂದೇಶ ಹೇಳಿದ್ದನ್ನೇ ವಿಜ್ಞಾನ ಈಗ ಸಾಬೀತುಮಾಡಿದೆ ಎಂಬುದು ಒಂದು. ಇದೆಲ್ಲ ಶಿಲುಬೆಯನ್ನು ಮರೆಸುವ ಲೌಕಿಕ ಸ್ವಾರ್ಥ ಎಂಬುದು ಇನ್ನೊಂದು. ಎರಡೂ ವಿಚಾರಣೆಯ ಶ್ರಮವನ್ನು ತಪ್ಪಿಸಿಕೊಳ್ಳುತ್ತವೆ. ಪಾಲನಾಸೇವೆಯಲ್ಲಿ ದೈವಶಾಸ್ತ್ರದ ತತ್ತ್ವಗಳ ಜೊತೆಗೆ ಮನೋವಿಜ್ಞಾನದ ಮತ್ತು ಸಮಾಜವಿಜ್ಞಾನದ ಫಲಿತಾಂಶಗಳನ್ನೂ ಬಳಸಿಕೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 'ಗೌದಿಯುಮ್ ಎತ್ ಸ್ಪೆಸ್' ದಸ್ತಾವೇಜಿನ 62ನೆಯ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ಸೂಚಿಸಿದೆ. ಬಳಸಬೇಕಾದುದನ್ನು ಮೊದಲು ತೂಗಿ ನೋಡಬೇಕು. ಈ ಅಭ್ಯಾಸಗಳು ಎಷ್ಟರ ಮಟ್ಟಿಗೆ ಫಲ ಕೊಡುತ್ತವೆ? ಫಲ ಕೊಡುವಲ್ಲಿಯೂ ಅವು ಯಾವ ಹಂತಕ್ಕೆ ಬಂದು ನಿಲ್ಲುತ್ತವೆ? ಈ ಎರಡು ಪ್ರಶ್ನೆಗಳೇ ಈ ಲೇಖನದ ವಿಷಯ.

ಹುಟ್ಟು ಮತ್ತು ವಿಧಾನ

ಮಾರ್ಟಿನ್ ಸೆಲಿಗ್‌ಮನ್ ಈ ಶಾಖೆಯ ಪ್ರಮುಖ ಪ್ರವರ್ತಕರು. ಅವರ ಮೊದಲ ಖ್ಯಾತಿ ಸಂತೋಷದ ಅಧ್ಯಯನದಿಂದ ಬಂದದ್ದಲ್ಲ. 1967ರಲ್ಲಿ ಅವರು ಸ್ಟೀವನ್ ಮೇಯರ್ ಅವರೊಂದಿಗೆ ಪ್ರಕಟಿಸಿದ ಪ್ರಯೋಗಗಳಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುದಾಘಾತಕ್ಕೆ ಒಳಗಾದ ನಾಯಿಗಳಲ್ಲಿ ಬಹುಪಾಲು, ಮುಂದೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದಾಗಲೂ ಯತ್ನಿಸದೆ ಸುಮ್ಮನೆ ಮಲಗಿಬಿಟ್ಟವು. 'ಕಲಿತ ಅಸಹಾಯಕತೆ' ಎಂಬ ಸಿದ್ಧಾಂತ ಅಲ್ಲಿಂದ ಹುಟ್ಟಿತು. ಮೂರು ದಶಕಗಳ ಬಳಿಕ, 1998ರಲ್ಲಿ, ಅಮೆರಿಕದ ಮನೋವೈಜ್ಞಾನಿಕ ಸಂಘದ ಅಧ್ಯಕ್ಷರಾಗಿ ಅವರು ತಮ್ಮ ಕ್ಷೇತ್ರಕ್ಕೊಂದು ಕರೆಯಿತ್ತರು: ಮನೋವಿಜ್ಞಾನ ಇದುವರೆಗೆ ರೋಗವನ್ನು ಅರಿಯುವುದರಲ್ಲೇ ಶಕ್ತಿ ವ್ಯಯಿಸಿದೆ, ಬಾಳನ್ನು ಬಾಳತಕ್ಕದ್ದನ್ನಾಗಿ ಮಾಡುವುದೇನೆಂದು ಇನ್ನಾದರೂ ಕೇಳಬೇಕು. 2000ದ ಜನವರಿಯಲ್ಲಿ ಅವರೂ ಮಿಹಾಯ್ ಚಿಕ್ಸೆಂಟ್‌ಮಿಹಾಯಿ ಅವರೂ ಸಂಪಾದಿಸಿದ 'ಅಮೆರಿಕನ್ ಸೈಕಾಲಜಿಸ್ಟ್' ಪತ್ರಿಕೆಯ ವಿಶೇಷ ಸಂಚಿಕೆ ಆ ಕರೆಗೆ ಶಾಸ್ತ್ರದ ರೂಪ ಕೊಟ್ಟಿತು.

ಇದಕ್ಕೆ ಪೂರ್ವಪೀಠಿಕೆ ಇರಲಿಲ್ಲವೆಂದಲ್ಲ. ಮೈಕಲ್ ಫೋರ್ಡೈಸ್ 1977ರಲ್ಲಿಯೇ ಕಾಲೇಜು ವಿದ್ಯಾರ್ಥಿಗಳ ಸಂತೋಷವನ್ನು ಹೆಚ್ಚಿಸುವ ಕಾರ್ಯಕ್ರಮವೊಂದನ್ನು ಪ್ರಯೋಗಿಸಿ ವರದಿ ಮಾಡಿದ್ದರು. ಎಡ್ ಡೀನರ್ 1984ರ ತಮ್ಮ ಪ್ರಬಂಧದಲ್ಲಿ 'ವ್ಯಕ್ತಿನಿಷ್ಠ ಕ್ಷೇಮ' ಎಂಬ ಪರಿಕಲ್ಪನೆಯನ್ನು ವ್ಯವಸ್ಥಿತಗೊಳಿಸಿದ್ದರು. ಹಿತವಾದ ಭಾವನೆಗಳು ಹೆಚ್ಚು, ಅಹಿತವಾದವು ಕಡಿಮೆ, ಒಟ್ಟು ಬಾಳಿನ ಬಗ್ಗೆ ತೃಪ್ತಿ – ಈ ಮೂರು ಅಂಶಗಳನ್ನು ಪ್ರಶ್ನಾವಳಿಯಿಂದ ಅಳೆಯಬಹುದೆಂಬುದು ಆ ಪರಿಕಲ್ಪನೆಯ ತಿರುಳು. ತಾನು ಸಂತೋಷವಾಗಿದ್ದೇನೆಯೇ ಎಂಬ ಪ್ರಶ್ನೆಗೆ ಅಂತಿಮ ಉತ್ತರ ಆಯಾ ವ್ಯಕ್ತಿಯದೇ ಎಂಬುದು ಅದರೊಳಗಿನ ಗ್ರಹಿಕೆ.

ಉಪಕ್ರಮಗಳ ಇತಿಹಾಸದಲ್ಲಿ ನಿರ್ಣಾಯಕವೆನಿಸಿದ್ದು ಸೆಲಿಗ್‌ಮನ್ ಮತ್ತು ಸಂಗಡಿಗರ 2005ರ ಪ್ರಯೋಗ. ಅಂತರ್ಜಾಲದ ಮೂಲಕ ಸೇರಿದ 577 ಮಂದಿಯನ್ನು ಆರು ಗುಂಪುಗಳಾಗಿ ಹಂಚಿ, ಐದು ಗುಂಪುಗಳಿಗೆ ಒಂದೊಂದು ಅಭ್ಯಾಸವನ್ನು, ಆರನೆಯದಕ್ಕೆ ಬಾಲ್ಯದ ನೆನಪುಗಳನ್ನು ಬರೆಯುವ ಹುಸಿ ಅಭ್ಯಾಸವನ್ನು ಒಂದು ವಾರದ ಮಟ್ಟಿಗೆ ಕೊಡಲಾಯಿತು. ಆರು ತಿಂಗಳವರೆಗಿನ ಎಲ್ಲ ಹಂತಗಳನ್ನು ಪೂರೈಸಿದವರು 411 ಮಂದಿ. ಅಂದಂದು ಸರಿಯಾಗಿ ನಡೆದ ಮೂರು ಸಂಗತಿಗಳನ್ನು ಕಾರಣಸಹಿತ ಬರೆಯುವುದು ಮತ್ತು ತನ್ನ ವಿಶಿಷ್ಟ ಸಾಮರ್ಥ್ಯವೊಂದನ್ನು ಹೊಸ ರೀತಿಯಲ್ಲಿ ಬಳಸುವುದು – ಈ ಎರಡರ ಪರಿಣಾಮ ಆರು ತಿಂಗಳ ನಂತರವೂ ಕಂಡಿತು. ತನಗೆ ಉಪಕಾರ ಮಾಡಿದವರಿಗೆ ಕೃತಜ್ಞತೆಯ ಪತ್ರ ಬರೆದು ಸ್ವತಃ ಹೋಗಿ ತಲುಪಿಸುವ ಅಭ್ಯಾಸ ಇಡೀ ಪ್ರಯೋಗದಲ್ಲಿ ಅತಿ ದೊಡ್ಡ ಬದಲಾವಣೆಯನ್ನು ತಂದಿತಾದರೂ ಅದು ಉಳಿದದ್ದು ಸುಮಾರು ಒಂದು ತಿಂಗಳು.

ಸಾಕ್ಷ್ಯದ ತೂಕ

ನಮ್ಮ ವೇದಿಕೆಗಳಲ್ಲಿ 'ಸಂಶೋಧನೆ ಸಾಬೀತುಪಡಿಸಿದೆ' ಎಂದು ಹೇಳುವ ಮುನ್ನ ಆಮೇಲಿನ ಕಥೆಯನ್ನೂ ತಿಳಿದಿರುವುದು ಪ್ರಾಮಾಣಿಕತೆಯ ಪ್ರಶ್ನೆ. 2009ರಲ್ಲಿ ನ್ಯಾನ್ಸಿ ಸಿನ್ ಮತ್ತು ಸೋನಿಯಾ ಲ್ಯುಬೋಮಿರ್‌ಸ್ಕಿ 51 ಉಪಕ್ರಮಗಳನ್ನು ಒಟ್ಟಾಗಿ ವಿಶ್ಲೇಷಿಸಿ, ಗಮನಾರ್ಹ ಪರಿಣಾಮವಿದೆಯೆಂದು ಕಂಡುಕೊಂಡರು. 2013ರಲ್ಲಿ ಬೋಲಿಯರ್ ಮತ್ತು ಸಂಗಡಿಗರು 39 ಅಧ್ಯಯನಗಳನ್ನು ಪರಿಶೀಲಿಸಿದಾಗ ಪರಿಣಾಮ ಸಣ್ಣದೆಂದು ಕಂಡಿತು. 2019ರಲ್ಲಿ ವೈಟ್, ಉಟ್ಲ್ ಮತ್ತು ಹೋಲ್ಡರ್ ಈ ಎರಡೂ ವಿಶ್ಲೇಷಣೆಗಳನ್ನು ಮರುಲೆಕ್ಕ ಹಾಕಿ, ಸಣ್ಣ ಗುಂಪುಗಳ ಅಧ್ಯಯನಗಳಿಂದ ಬಂದ ಉಬ್ಬರವನ್ನು ಕಳೆದರೆ ಪರಿಣಾಮ ಇನ್ನೂ ಕಿರಿದಾಗುತ್ತದೆಂದು ತೋರಿಸಿದರು. ಇದಕ್ಕೂ ಮೊದಲು, 2012ರಲ್ಲಿ, ಮಾಂಗ್ರೇನ್ ಮತ್ತು ಆನ್ಸೆಲ್ಮೊ-ಮ್ಯಾಥ್ಯೂಸ್ 2005ರ ಪ್ರಯೋಗವನ್ನೇ ಮತ್ತೆ ನಡೆಸಿದ್ದರು. ಅಭ್ಯಾಸ ಮಾಡಿದವರ ಸಂತೋಷ ಹೆಚ್ಚಿತು. ಆದರೆ ಹಿತವಾದ ಬಾಲ್ಯದ ನೆನಪುಗಳನ್ನು ಬರೆಯುವ ಹುಸಿ ಅಭ್ಯಾಸದವರ ಸಂತೋಷವೂ ಹಾಗೆಯೇ ಹೆಚ್ಚಿತು. ಖಿನ್ನತೆಯನ್ನು ತಗ್ಗಿಸುವಲ್ಲಿ ಅಭ್ಯಾಸಗಳು ಹುಸಿ ಅಭ್ಯಾಸವನ್ನು ಮೀರಲಿಲ್ಲ.

ಇನ್ನೊಂದು ಸಂಖ್ಯೆಯ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ಪ್ರಬೋಧನೆಗಳಲ್ಲಿ ತೀರಾ ಬಳಕೆಯಾಗಿದೆ: ಸಂತೋಷದ 50 ಶೇಕಡಾ ಹುಟ್ಟಿನಿಂದ, 10 ಶೇಕಡಾ ಪರಿಸ್ಥಿತಿಯಿಂದ, 40 ಶೇಕಡಾ ನಮ್ಮ ಕೈಯಲ್ಲಿ. ಇದು ಲ್ಯುಬೋಮಿರ್‌ಸ್ಕಿ, ಶೆಲ್ಡನ್ ಮತ್ತು ಶ್ಕೇಡ್ ಅವರ 2005ರ ಪ್ರಬಂಧದಿಂದ ಬಂದದ್ದು. ಆ ಅಂಕಿಗಳು ಹೇಳುವುದು ಜನರ ನಡುವಿನ ವ್ಯತ್ಯಾಸಗಳ ಬಗ್ಗೆ. ಒಬ್ಬ ವ್ಯಕ್ತಿಯ ಸಂತೋಷವನ್ನು ಹೋಳುಮಾಡಿದರೆ ಸಿಗುವ ಪಾಲುಗಳ ಬಗ್ಗೆ ಅಲ್ಲ. ಈ ದೋಷವನ್ನು ಬ್ರೌನ್ ಮತ್ತು ರೋರರ್ ವಿವರವಾಗಿ ಎತ್ತಿ ತೋರಿಸಿದರು. ಮೂಲ ಲೇಖಕರಲ್ಲಿ ಇಬ್ಬರು, ಶೆಲ್ಡನ್ ಮತ್ತು ಲ್ಯುಬೋಮಿರ್‌ಸ್ಕಿ, ಆ ಚಿತ್ರ ಅತಿ ಸರಳವಾಗಿತ್ತೆಂದು ಒಪ್ಪಿಕೊಂಡರು. ಮೂಲ ಲೇಖಕರೇ ಹಿಂದೆಗೆದುಕೊಂಡ ಅಂಕಿಯನ್ನು ನಾವು ಇನ್ನೂ ಪೀಠದಿಂದ ಸಾರುವುದು ಶೋಭೆಯಲ್ಲ.

ಈ ಅಂಕಿಯ ಪಾಲನಾತ್ಮಕ ಅಪಾಯ ಇನ್ನೂ ಗಂಭೀರ. ಪರಿಸ್ಥಿತಿಗೆ 10 ಶೇಕಡಾ ಮಾತ್ರ ಪಾಲು ಎಂಬ ಅಂದಾಜು ಮುಖ್ಯವಾಗಿ ಸಮೃದ್ಧ ಸಮಾಜಗಳ ಅಧ್ಯಯನಗಳನ್ನು ಆಧರಿಸಿದ್ದು. ಹೆಚ್ಚು ಕಡಿಮೆ ಎಲ್ಲರಿಗೂ ಊಟ, ಸೂರು, ಔಷಧ ದೊರೆಯುವಲ್ಲಿ ಪರಿಸ್ಥಿತಿಯ ವ್ಯತ್ಯಾಸ ಕಡಿಮೆಯೆನಿಸುವುದು ಸಹಜ. ಕಾಫಿ ತೋಟದ ಲೈನ್ ಮನೆಯಲ್ಲಿ ಬಾಳುವವರ ಮುಂದೆ, ಮಳೆಯಿಲ್ಲದೆ ಸಾಲ ಬೆಳೆದ ರೈತನ ಮುಂದೆ ಅದೇ ಅಂಕಿಯನ್ನು ಹೇಳಿದರೆ, ಅವರ ದುಃಖದ ಹೊಣೆಯನ್ನು ಅವರ ಮನೋಭಾವದ ಮೇಲೆಯೇ ಹೊರಿಸಿದಂತಾಗುತ್ತದೆ. ಪ್ರವಾದಿ ಆಮೋಸನು ಇಸ್ರಯೇಲಿನ ಬಡವರಿಗೆ ಮನೋಭಾವ ಬದಲಿಸಿಕೊಳ್ಳಿರೆಂದು ಹೇಳಲಿಲ್ಲ. ಅವರನ್ನು ತುಳಿದವರ ಕಡೆಗೆ ಬೆರಳು ತೋರಿಸಿದನು.

ಆದರೂ ತಕ್ಕಡಿಯ ಇನ್ನೊಂದು ತಟ್ಟೆ ಬರಿದಲ್ಲ. ಫಲ ಸಣ್ಣದಾದರೂ ಇದೆ. ಅಭ್ಯಾಸದ ಖರ್ಚು ಒಂದು ಹಾಳೆ, ಒಂದು ಲೇಖನಿ. ಸಣ್ಣ ಹಿತವನ್ನು ಸಣ್ಣ ಹಿತವೆಂದೇ ಕರೆದು ಸ್ವೀಕರಿಸುವುದು ಯೋಗ್ಯ. ಅದನ್ನು ರಕ್ಷಣೆಯ ಭಾಷೆಯಲ್ಲಿ ಮಾರುವುದು ಅಯೋಗ್ಯ.

ಸಂತೋಷ ಮತ್ತು ಭಾಗ್ಯ

ಕನ್ನಡದಲ್ಲಿ ಚಿಂತಿಸುವವರಿಗೆ ಇಲ್ಲೊಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಹೆಚ್ಚಾಗಿ ಒಂದೇ ಪದದಡಿ ಸೇರುವುದನ್ನು ನಮ್ಮ ನುಡಿ ಬಿಡಿಸಿ ಹೇಳುತ್ತದೆ. ಸುಖ ಇಂದ್ರಿಯಗಳಿಗೂ ಅನುಕೂಲಕ್ಕೂ ಹತ್ತಿರದ್ದು. ಸಂತೋಷ, ತೃಪ್ತಿಯನ್ನು ಸೂಚಿಸುವ ಧಾತುವಿನಿಂದ ಬಂದದ್ದು; ಡೀನರ್ ಅವರ ಮಾಪನಕ್ಕೆ ಬಹುಶಃ ಇದೇ ಸಮೀಪದ ಪದ. ನೆಮ್ಮದಿ ಗದ್ದಲ ಅಡಗಿದ ಮೇಲಿನ ಸ್ಥಿತಿ. ಆದರೆ ಪರ್ವತ ಪ್ರಬೋಧನೆಯ ಆರಂಭವನ್ನು ನಾವು 'ಅಷ್ಟಭಾಗ್ಯಗಳು' ಎಂದು ಕರೆಯುತ್ತೇವೆ. ಭಾಗ್ಯವೆಂಬ ಪದ ಭಾಗದಿಂದ, ಎಂದರೆ ಪಾಲಿನಿಂದ, ಬಂದದ್ದು. ಪಾಲು ಹಂಚಿಕೆಯಿಂದ ಸಿಗುತ್ತದೆ, ಹಂಚುವವನೊಬ್ಬನು ಇರಲೇಬೇಕು. 16ನೆಯ ಕೀರ್ತನೆಯ ಭಕ್ತನು ತನ್ನ ಪಾಲೂ ಪಾನಪಾತ್ರೆಯೂ ಪ್ರಭುವೇ ಎಂದು ಹೇಳುವಾಗ ಈ ಅರ್ಥ ತುದಿಮುಟ್ಟುತ್ತದೆ: ಅಲ್ಲಿ ಹಂಚುವಾತನೇ ಪಾಲಾಗಿ ದೊರೆತಿದ್ದಾನೆ.

ಸಂತ ಥಾಮಸ್ ಅಕ್ವಿನಾಸರು 'ಸುಮ್ಮಾ ತಿಯೊಲೊಜಿಯೆ'ಯ ದ್ವಿತೀಯ ಭಾಗವನ್ನು ತೆರೆಯುವುದೇ ಈ ವಿಚಾರದಿಂದ. ಮೊದಲ ಐದು ಪ್ರಶ್ನೆಗಳು ಭಾಗ್ಯವನ್ನು ಕುರಿತವು. ಎರಡನೆಯ ಪ್ರಶ್ನೆಯಲ್ಲಿ ಅವರು ಐಶ್ವರ್ಯ, ಗೌರವ, ಕೀರ್ತಿ, ಅಧಿಕಾರ, ದೇಹದ ಒಳಿತು, ಸುಖಾನುಭವ, ಆತ್ಮದ ಒಳಿತು ಎಂದು ಒಂದೊಂದಾಗಿ ಪರೀಕ್ಷಿಸಿ, ಸೃಷ್ಟಿಗೊಂಡ ಯಾವ ವಸ್ತುವಿನಲ್ಲೂ ಮಾನವನ ಭಾಗ್ಯ ಪೂರ್ಣಗೊಳ್ಳದೆಂದು ತೀರ್ಮಾನಿಸುತ್ತಾರೆ. ದೇವರ ದರ್ಶನದಲ್ಲಿ ಮಾತ್ರ ಪರಿಪೂರ್ಣ ಭಾಗ್ಯ. ಆದರೆ ಅವರು ಇಹದ ಬಾಳನ್ನು ತಿರಸ್ಕರಿಸುವುದಿಲ್ಲ. ಇಲ್ಲಿ ದೊರೆಯುವುದನ್ನು ಅಪೂರ್ಣ ಭಾಗ್ಯವೆಂದು ಕರೆದು, ಅದಕ್ಕೆ ದೇಹದ ಆರೋಗ್ಯವೂ ಬೇಕು, ಬಾಹ್ಯ ಅನುಕೂಲಗಳೂ ಬೇಕು, ಸ್ನೇಹಿತರೂ ಬೇಕು ಎಂದು ನಾಲ್ಕನೆಯ ಪ್ರಶ್ನೆಯಲ್ಲಿ ಒಪ್ಪುತ್ತಾರೆ. ಸಕಾರಾತ್ಮಕ ಮನೋವಿಜ್ಞಾನ ಅಧ್ಯಯನ ಮಾಡುತ್ತಿರುವುದು ಈ ಅಪೂರ್ಣ ಭಾಗ್ಯದ ಒಂದು ಅಂಶವನ್ನು. ಹಾಗೆ ಗುರುತಿಸಿದರೆ ಅದಕ್ಕೆ ನಮ್ಮ ಮನೆಯಲ್ಲಿ ನ್ಯಾಯವಾದ ಸ್ಥಳ ಸಿಗುತ್ತದೆ.

ಐದನೆಯ ಪ್ರಶ್ನೆಯ ಐದನೆಯ ವಿಧಿಯಲ್ಲಿ ಒಂದು ಆಕ್ಷೇಪ ಬರುತ್ತದೆ. ಪ್ರಕೃತಿ ಯಾವ ಜೀವಿಗೂ ಅಗತ್ಯವಾದುದನ್ನು ಕೊಡದೆ ಬಿಡುವುದಿಲ್ಲ. ಹೀಗಿರುವಾಗ ಮಾನವನು ತನ್ನ ಸ್ವಂತ ಶಕ್ತಿಯಿಂದಲೇ ಭಾಗ್ಯವನ್ನು ಪಡೆಯಲಾರನೆಂದರೆ ಹೇಗೆ? ಥಾಮಸರ ಉತ್ತರ ಹೀಗಿದೆ: ಪ್ರಕೃತಿ ಮಾನವನಿಗೆ ಆಯುಧವನ್ನೂ ಹೊದಿಕೆಯನ್ನೂ ಹುಟ್ಟಿನಿಂದ ಕೊಡದೆ ಬುದ್ಧಿಯನ್ನೂ ಕೈಗಳನ್ನೂ ಕೊಟ್ಟಿತು. ಅದೇ ರೀತಿ, ಭಾಗ್ಯವನ್ನು ತಾನೇ ಸಾಧಿಸುವ ಉಪಾಯವನ್ನು ಕೊಡದೆ, ಭಾಗ್ಯವನ್ನು ನೀಡಬಲ್ಲ ದೇವರ ಕಡೆಗೆ ತಿರುಗುವ ಸ್ವತಂತ್ರ ಚಿತ್ತವನ್ನು ಕೊಟ್ಟಿತು. ಸ್ನೇಹಿತರ ಮೂಲಕ ನಾವು ಮಾಡುವುದು ಒಂದು ಅರ್ಥದಲ್ಲಿ ನಾವೇ ಮಾಡಿದಂತೆ ಎಂಬ ಅರಿಸ್ಟಾಟಲನ ಮಾತನ್ನು ಅವರು ಇಲ್ಲಿ ನೆನೆಯುತ್ತಾರೆ. ನನ್ನ ತಿಳಿವಿನಲ್ಲಿ ಇಡೀ ಚರ್ಚೆಯ ಕೀಲಿಕೈ ಇದು. ಭಾಗ್ಯಕ್ಕಾಗಿ ಪರರನ್ನು ಅವಲಂಬಿಸುವುದು ಮಾನವನ ಕೊರತೆಯಲ್ಲ; ಸ್ನೇಹಕ್ಕೆ ಶಕ್ತನಾದ ಜೀವಿಯ ಘನತೆ ಅದು. ತನ್ನ ಸಂತೋಷಕ್ಕೆ ತಾನೇ ಕರ್ತೃವಾಗಬೇಕೆಂಬ ಆದರ್ಶ ಈ ಘನತೆಯನ್ನು ಕಾಣುವುದಿಲ್ಲ.

ದುಃಖಕ್ಕೆ ಐದು ಔಷಧಗಳು

ಉಪಕ್ರಮಗಳೆಂದರೆ ಹುಬ್ಬೇರಿಸುವವರು ಅದೇ ಗ್ರಂಥದ 38ನೆಯ ಪ್ರಶ್ನೆಯನ್ನು ಓದಬೇಕು. ದುಃಖವನ್ನು ಶಮನಗೊಳಿಸುವ ಐದು ಉಪಾಯಗಳನ್ನು ಅಲ್ಲಿ ಥಾಮಸರು ವಿಚಾರಿಸುತ್ತಾರೆ: ಯಾವುದಾದರೂ ಒಂದು ಹಿತಾನುಭವ, ಕಣ್ಣೀರು, ಸ್ನೇಹಿತರ ಅನುಕಂಪ, ಸತ್ಯದ ಧ್ಯಾನ, ಕೊನೆಯದಾಗಿ ನಿದ್ರೆ ಮತ್ತು ಸ್ನಾನ. ದೈವಶಾಸ್ತ್ರದ ಮಹಾಗ್ರಂಥವೊಂದು ಸ್ನಾನಕ್ಕೆ ಒಂದು ವಿಧಿಯನ್ನು ಮೀಸಲಿಟ್ಟಿರುವುದು ನಮ್ಮ ವಿದ್ಯಾರ್ಥಿಗಳಿಗೆ ಪ್ರತಿವರ್ಷ ನಗು ತರಿಸುತ್ತದೆ. ಆದರೆ ಅಲ್ಲಿರುವ ತರ್ಕ ಗಂಭೀರವಾದದ್ದು. ಆತ್ಮವು ದೇಹದ ರೂಪವಾಗಿರುವುದರಿಂದ ದೇಹಕ್ಕಾದ ಉಪಶಮನ ಹೃದಯವನ್ನೂ ತಟ್ಟುತ್ತದೆ.

ಈ ಪಟ್ಟಿಯನ್ನು ಇಂದಿನ ಪಟ್ಟಿಗಳೊಂದಿಗೆ ಹೋಲಿಸಿದರೆ ಎರಡು ಅಂಶಗಳು ಎದ್ದುಕಾಣುತ್ತವೆ. ಮೊದಲನೆಯದು ಕಣ್ಣೀರು. ಒಳಗೇ ಮುಚ್ಚಿಟ್ಟ ನೋವು ಹೆಚ್ಚು ಬಾಧಿಸುತ್ತದೆ, ತನ್ನ ಸ್ಥಿತಿಗೆ ತಕ್ಕ ಕ್ರಿಯೆ ಮನುಷ್ಯನಿಗೆ ಹಿತವಾಗಿರುತ್ತದೆ, ಆದ್ದರಿಂದ ದುಃಖಿತನಿಗೆ ಅಳುವುದು ಹಿತ ಎಂದು ಥಾಮಸರು ವಾದಿಸುತ್ತಾರೆ. ಸಂತೋಷವರ್ಧನೆಯ ಜನಪ್ರಿಯ ಕೈಪಿಡಿಗಳಲ್ಲಿ ಅಳುವಿಗೆ ಜಾಗ ಸಿಗುವುದು ವಿರಳ. ಎರಡನೆಯದು ಸ್ನೇಹಿತರ ಅನುಕಂಪ. ಹೊರೆ ಹಂಚಿಹೋದಂತೆ ಭಾಸವಾಗುವುದು ಅದರ ಒಂದು ಕಾರಣ; ತಾನು ಪ್ರೀತಿಸಲ್ಪಟ್ಟಿದ್ದೇನೆಂದು ದುಃಖಿತನು ಅದರಿಂದ ಅರಿಯುವುದು ಇನ್ನೂ ಮೇಲಾದ ಕಾರಣ. ಔಷಧವಾಗಿರುವುದು ಇಲ್ಲಿ ಇನ್ನೊಬ್ಬ ವ್ಯಕ್ತಿ.

ಸ್ನಾನದ ವಿಧಿಯಲ್ಲಿ ಥಾಮಸರು ಸಂತ ಅಗಸ್ಟೀನರ 'ಆತ್ಮನಿವೇದನೆ'ಯ ಒಂಬತ್ತನೆಯ ಪುಸ್ತಕವನ್ನು ಉಲ್ಲೇಖಿಸುತ್ತಾರೆ. ತಾಯಿ ಮೋನಿಕಾ ತೀರಿಕೊಂಡಾಗ ಅಗಸ್ಟೀನರು, ಸ್ನಾನ ದುಃಖವನ್ನು ಕಳೆಯುತ್ತದೆಂದು ಕೇಳಿ ಸ್ನಾನಕ್ಕೆ ಹೋದರು. ಮೂಲವನ್ನು ಮುಂದೆ ಓದಿದರೆ, ಸ್ನಾನದಿಂದ ಅವರ ದುಃಖ ಕರಗಲಿಲ್ಲವೆಂದು ತಿಳಿಯುತ್ತದೆ. ನಿದ್ರೆ ಸ್ವಲ್ಪ ತಣಿಸಿತು. ಕೊನೆಗೆ ಅವರು ದೇವರ ಸನ್ನಿಧಿಯಲ್ಲಿ, ತಾಯಿಗಾಗಿಯೂ ತಮಗಾಗಿಯೂ, ತಡೆದಿಟ್ಟಿದ್ದ ಕಣ್ಣೀರನ್ನು ಹರಿಯಬಿಟ್ಟರು. ಉಪಾಯವೊಂದು ಫಲಿಸಲಿಲ್ಲವೆಂದು ಅವರು ನಾಚದೆ ಬರೆದಿಟ್ಟರು. ಅದರಿಂದ ಅವರ ಭರವಸೆ ಕುಂದಲೂ ಇಲ್ಲ. ಉಪಾಯದ ಮೇಲೆ ಅವರು ತಮ್ಮ ಬಾಳಿನ ಭಾರವನ್ನು ಹಾಕಿರಲಿಲ್ಲ.

'ಏಕೆ' ಎಂಬ ಪ್ರಶ್ನೆ

ಈಗ ಮೂರು ಒಳ್ಳೆಯ ಸಂಗತಿಗಳ ಅಭ್ಯಾಸಕ್ಕೆ ಮರಳೋಣ. ಅದರಲ್ಲಿ ಹಲವರು ಬಿಟ್ಟುಬಿಡುವ ಅರ್ಧವೊಂದಿದೆ. ಸಂಗತಿಯನ್ನು ಬರೆದರೆ ಸಾಲದು. ಅದು ಏಕೆ ಒಳ್ಳೆಯದಾಗಿ ನಡೆಯಿತೆಂದೂ ಬರೆಯಬೇಕು. ಈ 'ಏಕೆ' ಮನೋವಿಜ್ಞಾನದ ಪುಟದ ಮೇಲೆ ಬಂದು ಕುಳಿತ ಒಂದು ದೈವಶಾಸ್ತ್ರೀಯ ಪ್ರಶ್ನೆ. ಇಂದು ಪರೀಕ್ಷೆ ಚೆನ್ನಾಗಿ ಆಯಿತು, ಏಕೆ? ನಾನು ಓದಿದ್ದೆ. ಓದಲು ಬಿಡುವು ಏಕೆ ಸಿಕ್ಕಿತು? ನನ್ನ ಪಾಲಿನ ಕೆಲಸವನ್ನು ಸಹಪಾಠಿ ಮಾಡಿಕೊಟ್ಟ. ಅವನು ಏಕೆ ಮಾಡಿಕೊಟ್ಟ? ಹೀಗೆ ಎರಡು ಮೂರು ಮೆಟ್ಟಿಲು ಇಳಿದರೆ, ಪಡೆಯದೆ ಇದ್ದುದು ನಿನ್ನಲ್ಲಿ ಏನಿದೆ ಎಂದು ಸಂತ ಪೌಲರು ಕೊರಿಂಥದವರಿಗೆ ಹಾಕಿದ ಪ್ರಶ್ನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಅಭ್ಯಾಸ ನಮ್ಮನ್ನು ಆ ಬಾಗಿಲಿನವರೆಗೆ ಕರೆತರುತ್ತದೆ, ಬಾಗಿಲನ್ನು ತಟ್ಟುವುದಿಲ್ಲ.

ತಟ್ಟದಿರುವುದು ಮನೋವಿಜ್ಞಾನದ ತಪ್ಪಲ್ಲ. ದಾತನ ಬಗ್ಗೆ ಮೌನವಾಗಿರುವುದು ಅದರ ವಿಧಾನದ ಮಿತಿ. ಆ ಮಿತಿಯನ್ನು ಮೀರಿದರೆ ಅದು ವಿಜ್ಞಾನವಾಗಿ ಉಳಿಯದು. ತಪ್ಪು ಸಂಭವಿಸುವುದು ನಾವು ಅದನ್ನು ಎರವಲು ತಂದಾಗ, ಪೂರ್ಣಗೊಳಿಸುವ ಬದಲು ಹಾಗೆಯೇ ಬಳಸಿದಾಗ. ಕೃತಜ್ಞತೆ ಸ್ವಭಾವತಃ ಮೂರು ಸ್ಥಾನಗಳುಳ್ಳದ್ದು: ಪಡೆದವನು, ಪಡೆದದ್ದು, ಕೊಟ್ಟವನು. ಪಟ್ಟಿಯಲ್ಲಿ ಮೊದಲ ಎರಡು ಮಾತ್ರ ಉಳಿದಾಗ ಅದು ಮೆಚ್ಚುಗೆಯಾಗಬಹುದು, ಸಮಾಧಾನವಾಗಬಹುದು, ಕೃತಜ್ಞತೆಯಾಗುವುದಿಲ್ಲ. 2005ರ ಪ್ರಯೋಗದಲ್ಲಿ ಅತಿ ದೊಡ್ಡ ಬದಲಾವಣೆ ತಂದದ್ದು ಉಪಕಾರಿಯ ಮನೆಬಾಗಿಲಿಗೆ ಹೋಗಿ ಪತ್ರ ತಲುಪಿಸಿದ ಅಭ್ಯಾಸವೆಂಬುದನ್ನು ಇಲ್ಲಿ ನೆನೆಯಬಹುದು. ಒಂದು ಪ್ರಯೋಗದ ಫಲಿತಾಂಶದಿಂದ ದೈವಶಾಸ್ತ್ರವನ್ನು ಹೆಣೆಯುವುದು ಸಲ್ಲದು. ಆದರೂ ಮೂರನೆಯ ಸ್ಥಾನ ತುಂಬಿದಾಗ ಕೃತಜ್ಞತೆ ತನ್ನ ಸಹಜ ಆಕಾರಕ್ಕೆ ಬರುತ್ತದೆಂಬ ನಮ್ಮ ಅರಿವಿಗೆ ಅದು ವಿರುದ್ಧವಾಗಿಲ್ಲ.

ಸಂತ ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆಗಳು' ಕೃತಿಯ 43ನೆಯ ಪರಿಚ್ಛೇದದಲ್ಲಿರುವ ಆತ್ಮಪರಿಶೋಧನೆಯೂ ಉಪಕಾರಗಳ ಸ್ಮರಣೆಯಿಂದಲೇ ಆರಂಭವಾಗುತ್ತದೆ. ಹೊರನೋಟಕ್ಕೆ ಎರಡೂ ಒಂದೇ ತೆರನಾದ ರಾತ್ರಿಯ ಅಭ್ಯಾಸಗಳು. ಆದರೆ ಇಗ್ನೇಷಿಯಸರಲ್ಲಿ ಮೊದಲ ಅಂಶವೇ ದೇವರಿಗೆ ವಂದನೆ ಸಲ್ಲಿಸುವುದು. ಆಮೇಲೆ ಪಾಪವನ್ನು ಅರಿಯುವ ಕೃಪೆಗಾಗಿ ಬೇಡಿಕೆ, ದಿನದ ವಿಚಾರಣೆ, ಕ್ಷಮಾಯಾಚನೆ, ತಿದ್ದಿಕೊಳ್ಳುವ ಸಂಕಲ್ಪ. ವಂದನೆ ಮೊದಲು ಬಂದದ್ದರಿಂದಲೇ ಪಾಪದ ಅರಿವು ಹತಾಶೆಯಾಗುವುದಿಲ್ಲ. ಪಾಪದ ಅರಿವು ಹಿಂದೆಯೇ ಬರುವುದರಿಂದ ವಂದನೆ ಆತ್ಮತೃಪ್ತಿಯಾಗುವುದಿಲ್ಲ. ಒಳ್ಳೆಯ ಸಂಗತಿಗಳನ್ನು ಮಾತ್ರ ಆರಿಸಿಕೊಳ್ಳುವ ಪಟ್ಟಿಯಲ್ಲಿ ನಾನು ಇಂದು ನೋಯಿಸಿದ ಸಹೋದರನಿಗೆ ಜಾಗವಿಲ್ಲ.

ಇದೇ ಬಗೆಯ ಕೊರತೆ ಸಾಮರ್ಥ್ಯಗಳ ಪಟ್ಟಿಯಲ್ಲಿಯೂ ಇದೆ. ಪೀಟರ್ಸನ್ ಮತ್ತು ಸೆಲಿಗ್‌ಮನ್ 2004ರ ತಮ್ಮ ಗ್ರಂಥದಲ್ಲಿ ಆರು ಸದ್ಗುಣಗಳ ಅಡಿಯಲ್ಲಿ 24 ಸಾಮರ್ಥ್ಯಗಳನ್ನು ವರ್ಗೀಕರಿಸಿದ್ದಾರೆ. ಪ್ರೀತಿ ಮಾನವೀಯತೆಯ ಅಡಿಯಲ್ಲಿ ಬರುತ್ತದೆ. ಭರವಸೆ, ಹಾಸ್ಯಪ್ರಜ್ಞೆ ಮತ್ತು ಆಧ್ಯಾತ್ಮಿಕತೆಗಳು ಒಂದೇ ಗುಂಪಿನಲ್ಲಿವೆ. ಮಾನವ ಗುಣಗಳ ವಿವರಣೆಯಾಗಿ ಇದು ಉಪಯುಕ್ತ. ಆದರೆ ವಿಶ್ವಾಸ, ಭರವಸೆ, ಪ್ರೀತಿಗಳನ್ನು ನಾವು ದೈವಿಕ ಸದ್ಗುಣಗಳೆನ್ನುವುದು, ಥಾಮಸರು 62ನೆಯ ಪ್ರಶ್ನೆಯಲ್ಲಿ ವಿವರಿಸುವಂತೆ, ಅವುಗಳ ಗುರಿ ದೇವರು, ಅವುಗಳನ್ನು ನಮ್ಮಲ್ಲಿ ಸುರಿಯುವಾತನೂ ದೇವರು ಎಂಬ ಕಾರಣದಿಂದ. ಪ್ರಶ್ನಾವಳಿಯಲ್ಲಿ 'ಭರವಸೆ'ಗೆ ಕಡಿಮೆ ಅಂಕ ಬಂದ ಗುರು ಅಭ್ಯರ್ಥಿ ತನಗೆ ಆ ವರ ದೊರೆತಿಲ್ಲವೆಂದು ತಿಳಿಯಬೇಕಾಗಿಲ್ಲ. ತನ್ನ ದುರ್ಬಲತೆಯಲ್ಲಿಯೇ ಹೆಮ್ಮೆಪಟ್ಟ ಪ್ರೇಷಿತನಿಗೆ ಆ ಪ್ರಶ್ನಾವಳಿಯಲ್ಲಿ ಎಷ್ಟು ಅಂಕ ಬರುತ್ತಿತ್ತೋ!

ರೂಪಿಸಲಾಗದ ಸಾಂತ್ವನ

ಉಪಕ್ರಮವೆಂಬ ಕಲ್ಪನೆಯ ಬುಡದಲ್ಲಿ ಒಂದು ಗ್ರಹಿಕೆಯಿದೆ: ಸರಿಯಾದ ಕ್ರಿಯೆಯಿಂದ ಸರಿಯಾದ ಭಾವ ಹುಟ್ಟುತ್ತದೆ. ಸ್ವಲ್ಪಮಟ್ಟಿಗೆ ಇದು ನಿಜ. ಆದರೆ ಮನೋವಿಜ್ಞಾನವೇ ಇದರ ಮಿತಿಯನ್ನು ಕಂಡಿದೆ. ಐರಿಸ್ ಮಾಸ್ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ, ಸಂತೋಷದ ಮಹತ್ವವನ್ನು ಹೊಗಳುವ ಬರಹವನ್ನು ಓದಿ ಬಂದವರು ಸಂತೋಷದ ಚಲನಚಿತ್ರವೊಂದನ್ನು ನೋಡಿದಾಗ, ಅಂಥದ್ದನ್ನು ಓದದವರಿಗಿಂತ ಕಡಿಮೆ ಸಂತೋಷಪಟ್ಟರು. ಸಂತೋಷವನ್ನು ನೇರವಾಗಿ ಹಿಡಿಯಹೊರಟ ಕೈಗೆ ಅದು ಜಾರುತ್ತದೆ.

ಇಗ್ನೇಷಿಯಸರು ಈ ಅನುಭವಕ್ಕೆ ಆಳವಾದ ಕಾರಣ ಕೊಡುತ್ತಾರೆ. ಆಧ್ಯಾತ್ಮಿಕ ಬರಡುತನ ಬರಲು ಮೂರು ಕಾರಣಗಳನ್ನು ಅವರು 322ನೆಯ ಪರಿಚ್ಛೇದದಲ್ಲಿ ಹೇಳುತ್ತಾರೆ: ನಮ್ಮ ಅಲಕ್ಷ್ಯ, ಸಾಂತ್ವನವಿಲ್ಲದಾಗ ನಾವು ಎಷ್ಟು ಸೇವೆ ಮಾಡುತ್ತೇವೆಂಬ ಪರೀಕ್ಷೆ, ಮೂರನೆಯದಾಗಿ, ಸಾಂತ್ವನವನ್ನು ಹುಟ್ಟಿಸುವುದಾಗಲಿ ಉಳಿಸಿಕೊಳ್ಳುವುದಾಗಲಿ ನಮ್ಮ ಶಕ್ತಿಯಲ್ಲಿಲ್ಲ, ಅದೆಲ್ಲ ಪ್ರಭುವಿನ ದಾನ ಎಂಬ ತಿಳಿವು. ಪರರ ಮನೆಯಲ್ಲಿ ನಮ್ಮ ಗೂಡು ಕಟ್ಟಿಕೊಳ್ಳದಂತೆ ಈ ಪಾಠ ಎಂದು ಅವರ ವಿವರಣೆ. ಇನ್ನೊಂದು ವಿಷಯ: ಅವರು 316ನೆಯ ಪರಿಚ್ಛೇದದಲ್ಲಿ ವಿವರಿಸುವ ಸಾಂತ್ವನದಲ್ಲಿ ಪಾಪಕ್ಕಾಗಿ, ಪ್ರಭುವಿನ ಯಾತನೆಗಾಗಿ ಸುರಿಸುವ ಕಣ್ಣೀರೂ ಸೇರಿದೆ. ಡೀನರ್ ಅವರ ಮಾಪನದಲ್ಲಿ ಕ್ಷೇಮವನ್ನು ತಗ್ಗಿಸುವ ಅಂಶ ಇಗ್ನೇಷಿಯಸರ ಮಾಪನದಲ್ಲಿ ದೇವರ ಸಾಮೀಪ್ಯದ ಗುರುತಾಗಬಹುದು.

ಪವಿತ್ರಗ್ರಂಥದ ಪ್ರಾರ್ಥನಾಶಾಲೆಯೂ ಇದನ್ನೇ ಕಲಿಸುತ್ತದೆ. ಕೀರ್ತನೆಗಳಲ್ಲಿ ಅತಿ ದೊಡ್ಡ ಗುಂಪು ಪ್ರಲಾಪಗಳದ್ದು. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಯಲ್ಲಿ ಒಂದು ಬೆಳಕಿನ ಸಾಲನ್ನು ಸೇರಿಸಬೇಕೆಂದು ಸಂಪಾದಕರಿಗೆ ಅನಿಸಲಿಲ್ಲ. ಆದರೂ ಅದು ಪ್ರಾರ್ಥನೆ, ಏಕೆಂದರೆ ಅದು ದೇವರನ್ನು 'ನೀನು' ಎಂದು ಸಂಬೋಧಿಸುತ್ತದೆ. ಪ್ರಲಾಪ ಮತ್ತು ಕೃತಜ್ಞತೆ ಒಂದೇ ಸಂಬಂಧದ ಎರಡು ಮಾತುಗಳು. ಒಳಿತನ್ನು ಯಾರಿಂದ ಪಡೆದೆನೋ ಅವನನ್ನೇ ಕೇಡಿನ ಹೊತ್ತಿನಲ್ಲಿ ಪ್ರಶ್ನಿಸುತ್ತೇನೆ. ಸಂಬೋಧನೆಯಿಲ್ಲದ ಕೃತಜ್ಞತೆಯನ್ನು ಮಾತ್ರ ಕಲಿತವನಿಗೆ ಕೇಡಿನ ದಿನ ಬಂದಾಗ ಮಾತನಾಡಲು ಯಾರೂ ಇರುವುದಿಲ್ಲ. ಖಾಲಿ ಪಟ್ಟಿ ಮಾತ್ರ ಇರುತ್ತದೆ.

ನಮ್ಮ ಬಲಿಪೂಜೆಗೆ ಪುರಾತನ ಹೆಸರೇ ಕೃತಜ್ಞತಾಸ್ತುತಿ. ಆ ಸ್ತುತಿಯನ್ನು ಪ್ರಭು ಸಲ್ಲಿಸಿದ್ದು ತಮ್ಮನ್ನು ಹಿಡಿದುಕೊಟ್ಟ ರಾತ್ರಿಯಲ್ಲಿ ಎಂದು ಸಂತ ಪೌಲರು ಬೇಕೆಂದೇ ನೆನಪಿಸುತ್ತಾರೆ. ಅಂದು ಸರಿಯಾಗಿ ನಡೆದ ಸಂಗತಿಗಳ ಎಣಿಕೆಯಿಂದ ಆ ಸ್ತುತಿ ಹುಟ್ಟಲಿಲ್ಲ. ಪಿತನ ಮೇಲಿನ ಭರವಸೆಯಿಂದ ಹುಟ್ಟಿತು.

ಸೇವೆಯಲ್ಲಿ ಬಳಕೆ

2018ರ ಫೆಬ್ರವರಿಯಲ್ಲಿ ವಿಶ್ವಾಸ ಸಿದ್ಧಾಂತ ಪೀಠ ಹೊರಡಿಸಿದ 'ಪ್ಲಾಚುಯಿತ್ ದೇಯೊ' ಪತ್ರ, ತನ್ನ ಶಕ್ತಿಯಿಂದಲೇ ತಾನು ಪರಿಪೂರ್ಣನಾಗಬಹುದೆಂಬ ವ್ಯಕ್ತಿವಾದವನ್ನು ಪೆಲಾಜಿಯನ್ ಪ್ರವೃತ್ತಿಯ ಹೊಸ ರೂಪವಾಗಿ ಗುರುತಿಸಿತು. ಸಂತೋಷದ ಅಭ್ಯಾಸಗಳನ್ನು ಕಲಿಸುವವರೆಲ್ಲ ಪೆಲಾಜಿಯನ್ನರೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಆದರೆ ಧ್ಯಾನಕೂಟದಲ್ಲಿ ಅವೇ ಅಭ್ಯಾಸಗಳು ಪ್ರಾರ್ಥನೆಯ ಸ್ಥಾನವನ್ನು ಆಕ್ರಮಿಸಿದಾಗ ಆ ಎಚ್ಚರಿಕೆ ನಮಗೇ ಅನ್ವಯಿಸುತ್ತದೆ.

ಗುರುಮಠದಲ್ಲಿ ಮತ್ತು ಧರ್ಮಕೇಂದ್ರದಲ್ಲಿ ಅನುಸರಿಸಬಹುದಾದ ಕೆಲವು ವಿವೇಕದ ಸೂತ್ರಗಳು ಇದರಿಂದ ಹೊರಡುತ್ತವೆ. ಮೊದಲನೆಯದಾಗಿ, ಖಿನ್ನತೆಯನ್ನು ಆಧ್ಯಾತ್ಮಿಕ ಬರಡುತನವೆಂದಾಗಲಿ, ಕೃತಜ್ಞತೆಯ ಕೊರತೆಯೆಂದಾಗಲಿ ಎಣಿಸಬಾರದು. ವಾರಗಟ್ಟಲೆ ನಿದ್ರೆಯಿಲ್ಲದ, ಊಟ ಸೇರದ, ಬಾಳು ಸಾಕೆನ್ನುವ ಯುವಕನಿಗೆ ದಿನಚರಿ ಪುಸ್ತಕ ಕೊಟ್ಟು ಕಳುಹಿಸುವುದು ಗಂಡಾಂತರ. ಅವನಿಗೆ ಕೂಡಲೇ ವೈದ್ಯರು ಬೇಕು, ಜೊತೆಗೆ ಕೂರುವವರು ಬೇಕು. ಎರಡನೆಯದಾಗಿ, ಶೋಕದ ಮನೆಯಲ್ಲಿ ಯಾವ ಅಭ್ಯಾಸವನ್ನೂ ಸೂಚಿಸಬಾರದು. ಮಗನನ್ನು ಮಣ್ಣುಮಾಡಿ ಬಂದ ತಾಯಿಗೆ ಒಳಿತುಗಳನ್ನು ಎಣಿಸಲು ಹೇಳುವ ಅಧಿಕಾರ ಯಾರಿಗೂ ಇಲ್ಲ. ಯೋಬನ ಸ್ನೇಹಿತರು ಮೊದಲ ಏಳು ದಿನ ಸುಮ್ಮನೆ ನೆಲದಲ್ಲಿ ಕುಳಿತದ್ದೇ ಅವರು ಮಾಡಿದ ಒಳ್ಳೆಯ ಸೇವೆ. ಮೂರನೆಯದಾಗಿ, ಅಂಕಿಅಂಶಗಳನ್ನು ಹೇಳುವುದಾದರೆ ಅವುಗಳ ಮಿತಿಯನ್ನೂ ಹೇಳಬೇಕು.

ಕೊನೆಯದಾಗಿ, ಅಭ್ಯಾಸವನ್ನು ಕೈಬಿಡದೆ ಮುಂದಕ್ಕೆ ಒಯ್ಯಬೇಕು. ಮೂರು ಸಂಗತಿಗಳನ್ನು ಬರೆಯುವ ವಿದ್ಯಾರ್ಥಿಗೆ ಮೂರು ಮರುಪ್ರಶ್ನೆಗಳನ್ನು ಕಲಿಸಬಹುದು. ಇದು ಯಾರ ಕೈಯಿಂದ ಬಂತು? ಅವರಿಗೆ ನಾನು ತಿಳಿಸಿದೆನೇ? ಇದು ಇನ್ನಾರಿಗೆ ಹಂಚಿಹೋಗಬೇಕು? ಮೊದಲ ಪ್ರಶ್ನೆ ಅಡುಗೆಮನೆಯ ಸಿಬ್ಬಂದಿಯ ಹೆಸರನ್ನು ಪುಟದ ಮೇಲೆ ತಂದೀತು. ಎರಡನೆಯದು ಮರುದಿನ ಅವನನ್ನು ಆ ಅಡುಗೆಮನೆಯ ಬಾಗಿಲಿಗೆ ಕರೆದೊಯ್ದೀತು. ಮೂರನೆಯದು ಗುರುಮಠದ ಗೋಡೆಯಾಚೆಗೆ ಕಣ್ಣು ಹಾಯಿಸುವಂತೆ ಮಾಡೀತು. ಏನೂ ಬರೆಯಲಾಗದ ರಾತ್ರಿಗಳೂ ಬರುತ್ತವೆ. ಅಂಥ ರಾತ್ರಿಗಾಗಿ ಅವನಿಗೆ 88ನೆಯ ಕೀರ್ತನೆಯನ್ನು ಮೊದಲೇ ಕಲಿಸಿಕೊಟ್ಟಿರಬೇಕು.